ಹಾಲತ್ತಿಯ ತುರಿಸದ ಕೈ

ಇವತ್ತು ಎದ್ದವಳೇ ಬಾಗಿಲಿಗೆ ನೀರು ಹಾಕಿ ನಾಲ್ಕು ಎಳೆ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ನೆನೆಹಾಕಿದ್ದ ಹುರುಳಿಕಾಳನ್ನು ಕುಕ್ಕರಿಗೆ ಹಾಕಿ ಕೂಗಿಸಿದೆ. ನಮ್ಮ ಯಜಮಾನರ ಬಿಪಿ ಮಾತ್ರೆ ಮುಗಿದಿತ್ತು, ಚೀಟಿ ಬರೆದು ಅವರ ಜೇಬಿನಲ್ಲಿಟ್ಟೆ. ಒಂದು ಬಕೆಟ್ ಬಟ್ಟೆ ಒಗೆದು ತಾರಸಿಯ ಮೇಲೆ ಹರವಿದೆ. ಸೊರಬದ ಸಂತೆಯಿಂದ ತಂದ ಸುವರ್ಣಗಡ್ಡೆ ನಾಲ್ಕು ದಿನದಿಂದ ಅಡಿಗೆಮನೆಯ ಮೂಲೆಯಲ್ಲಿ ಕೂತಿತ್ತು. ಇವತ್ತು ಅದನ್ನು ಮುಗಿಸಿಬಿಡೋಣ ಎಂದು ಈಳಿಗೆಮಣೆ ಹಾಕಿಕೊಂಡು ಕುಳಿತೆ. ಕೈಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆಯ ಬಾಟಲಿ ತೆಗೆಯುವಷ್ಟರಲ್ಲಿ ಸೊಸೆ ಕಾವ್ಯ ಆಫೀಸಿಗೆ ಹೊರಟವಳು ತಿರುಗಿ ಬಂದು, ಬ್ಯಾಗಿನಿಂದ ತೆಳ್ಳನೆಯ ರಬ್ಬರಿನ ಕೈಗವಸುಗಳನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಅತ್ತೆ, ಎಣ್ಣೆ, ಹುಣಸೆಹಣ್ಣು ಎಲ್ಲ ಯಾಕೆ? ಇದನ್ನ ಹಾಕ್ಕೊಂಡು ಹೆಚ್ಚಿ. ಮೆಡಿಕಲ್ ಶಾಪಿಂದ ತಂದೀನಿ. ಹೋದ ಸಲ ರಾತ್ರಿಯೆಲ್ಲ ಕೈ ಕೆರಕೊಂಡಿದ್ರಿ."

ಹುಡುಗಿ ನನ್ನ ಕೈ ಕೆರೆತವನ್ನು ನೆನಪಿಟ್ಟುಕೊಂಡಿದ್ದಾಳಲ್ಲ ಎಂದು ಖುಷಿಯಾಯಿತು. ಅವಳು ಹೋದ ಮೇಲೆ ಹಾಕಿಕೊಂಡೆ. ಎರಡು ಹೋಳು ಮಾಡಿದೆ, ಮೂರನೆಯದಕ್ಕೆ ಕೈ ನಿಂತಿತು. ಗಡ್ಡೆ ಎಲ್ಲಿ ಮುಗಿಯಿತು, ನನ್ನ ಬೆರಳು ಎಲ್ಲಿ ಶುರುವಾಯಿತು, ಈಳಿಗೆಯ ಅಲಗು ಎಷ್ಟು ದೂರದಲ್ಲಿದೆ, ಒಂದೂ ಗೊತ್ತಾಗುತ್ತಿರಲಿಲ್ಲ. ಬೇರೆ ಯಾರದೋ ಕೈ ತಂದು ನನ್ನ ಮೊಣಕೈಗೆ ಅಂಟಿಸಿದ ಹಾಗಿತ್ತು. ಹಾಗೇ ಕೂತುಬಿಟ್ಟೆ. ನಮ್ಮ ಹಾಲತ್ತಿ ಬದುಕಿನ ಅರ್ಧವನ್ನು ಇಂಥ ಕೈಯಲ್ಲೇ ಕಳೆದಳಲ್ಲ ಎಂದು ಹೊಳೆದದ್ದು ಆಗ. ಅವಳು ತೀರಿಕೊಂಡು ಬಹಳ ವರ್ಷವಾಯಿತು. ಇಷ್ಟು ವರ್ಷ ಅವಳ ಕೈಯನ್ನು ನಾನು ಹೊರಗಿನಿಂದ ನೋಡಿದ್ದೆನೇ ಹೊರತು ಒಳಗಿನಿಂದ ಹೇಗಿತ್ತು ಎಂದು ತಿಳಿದಿರಲಿಲ್ಲ.

ನನ್ನ ತವರು ಶಿರಾಳಕೊಪ್ಪದಿಂದ ಎರಡು ಮೈಲಿ ಒಳಗೆ. ಹೆಂಚಿನ ಮನೆ, ಎಡಕ್ಕೆ ಕುರಿದೊಡ್ಡಿ. ಹಾಗಾಗಿ ನಮ್ಮ ನಡುಮನೆಗೆ ಯಾವಾಗಲೂ ಉಣ್ಣೆಯ ವಾಸನೆ. ಹೊಸಬರು ಮೂಗು ಮುಚ್ಚುತ್ತಿದ್ದರು, ನಮಗೆ ಅದಿಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ. ನಡುಮನೆ ದಾಟಿದರೆ ಅಡಿಗೆಮನೆ. ಎರಡು ಒಲೆ, ನಾಲ್ಕು ಸರಳಿನ ಒಂದು ಕಿಟಕಿ, ಹೊಗೆಗೆ ಕಪ್ಪಾದ ನೆಲುವು. ಆ ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಅಪ್ಪನ ತಂಗಿ ಹಾಲಮ್ಮ, ಮತ್ತೆ ನಾನು. ಹಾಲಮ್ಮನನ್ನು ನಾನು ಕರೆಯುತ್ತಿದ್ದುದು ಹಾಲತ್ತಿ ಎಂದು. ಅಪ್ಪ ದಿನವೆಲ್ಲ ಕುರಿ, ಹೊಲ ಎಂದು ಹೊರಗಿರುತ್ತಿದ್ದ. ಮನೆ ನಡೆಯುತ್ತಿದ್ದುದು ಮೂರು ಹೆಂಗಸರ ಮಾತಿನ ಮೇಲೆ, ಅಥವಾ ಅವರು ಮಾತು ಬಿಟ್ಟ ದಿನ ಪಾತ್ರೆಗಳ ಸದ್ದಿನ ಮೇಲೆ.

ಚರ್ಮ ಸುಡುವ ಪದಾರ್ಥಗಳಿಗೆ ನಮ್ಮ ಅಡಿಗೆಮನೆಯಲ್ಲಿ ದೊಡ್ಡ ಕಾನೂನೇ ಇತ್ತು. ವರ್ಷದ ಖಾರದಪುಡಿಗೆ ಮೆಣಸಿನಕಾಯಿ ತಂದು ಅಂಗಳದಲ್ಲಿ ಕಂಬಳಿಯ ಮೇಲೆ ಒಣಗಿಸಿ, ತೊಟ್ಟು ಬಿಡಿಸಿ, ಒರಳಿಗೆ ಹಾಕಿ ಒನಕೆಯಿಂದ ಕುಟ್ಟಬೇಕು. ಕುಟ್ಟುವವರು ಮೂಗಿಗೆ ಸೆರಗು ಕಟ್ಟಬೇಕು, ಮೊಣಕೈವರೆಗೆ ಎಣ್ಣೆ ಸವರಬೇಕು. ಮುಗಿದ ಮೇಲೆ ಬಿಸಿನೀರು ಮುಟ್ಟುವಂತಿಲ್ಲ, ಮೊದಲು ಹುಳಿಮಜ್ಜಿಗೆಯಲ್ಲಿ ಕೈ ಅದ್ದಿ ಕೂರಬೇಕು. ಆ ದಿನ ಖಾರದ ಕೈಯವರು ಕೂಸು ಎತ್ತುವಂತಿಲ್ಲ, ಯಾರ ಕಣ್ಣಿನ ಕಸವನ್ನೂ ತೆಗೆಯುವಂತಿಲ್ಲ. ಗಡ್ಡೆ, ಕೆಸುವಿನ ಎಲೆಗಳದು ಇನ್ನೊಂದು ಕಾನೂನು. ಒಣಗಿದ ಕೈಯಲ್ಲೇ ಹೆಚ್ಚಬೇಕು, ಒದ್ದೆ ತಾಗಿದರೆ ಕೆರೆತ ಹೆಚ್ಚಾಗುತ್ತದೆ, ಕಡೆಗೆ ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆಯಬೇಕು. ಎಲ್ಲಕ್ಕಿಂತ ಮುಖ್ಯ, ಹೆಚ್ಚುವಾಗ ಯಾರೂ ತುರಿಕೆ ಎಂಬ ಮಾತು ಆಡಕೂಡದು. ಹೆಸರು ಹೇಳಿದರೆ ಅದು ಬರುತ್ತದೆ ಎಂದು ಅಜ್ಜಿಯ ನಂಬಿಕೆ. 'ಅದು' ಎನ್ನಬೇಕು. "ಅತ್ತಿ, ಅದು ಶುರುವಾತು" ಎಂದು ಅವ್ವ ಅಜ್ಜಿಗೆ ಹೇಳುವುದು, ಅಜ್ಜಿ ಹುಣಸೆಯ ಬಟ್ಟಲನ್ನು ಅತ್ತ ತಳ್ಳುವುದು. ಅವ್ವನ ಕೈಯಂತೂ ಬಹಳ ಸೂಕ್ಷ್ಮ. ಖಾರ ಕುಟ್ಟಿದ ದಿನ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದಳು, ಮಾರನೆಯ ದಿನ ಎಲ್ಲರ ಮೇಲೂ ಸಿಟ್ಟು.

ಹಾಲತ್ತಿ ಈ ಮನೆಗೆ ತಿರುಗಿ ಬಂದದ್ದು ನನಗೆ ಏಳೋ ಎಂಟೋ ವರ್ಷವಾಗಿದ್ದಾಗ. ಸೊರಬದ ಕಡೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ತಂದ. ಒಂದು ಕಬ್ಬಿಣದ ಟ್ರಂಕು, ಒಂದು ಹಿತ್ತಾಳೆ ತಂಬಿಗೆ ಹಿಡಿದು ಬಸ್ಸಿಳಿದು ಬಂದಳು. ಅವ್ವ ಬಾಗಿಲಲ್ಲಿ ನಿಂತು "ಬಾ" ಎಂದಳು, ಅಷ್ಟೇ. ಆಮೇಲೆ ತಿಂಗಳುಗಟ್ಟಲೆ ಇಬ್ಬರಿಗೂ ಒಂದೇ ಒಲೆಯ ಮುಂದೆ ಕೂರುವ ಕಷ್ಟ. ಹಾಲತ್ತಿ ಸಾರಿಗೆ ಉಪ್ಪು ಹಾಕಿದರೆ ಅವ್ವ ರುಚಿ ನೋಡಿ ಇನ್ನೊಂದು ಚಿಟಿಕೆ ಹಾಕುವಳು, ಬೇಕಿರಲಿ ಬೇಡದಿರಲಿ. ಊರಿನವರು ಮದುವೆಗೆ, ಸೋಬಾನಕ್ಕೆ ಅವ್ವನನ್ನು ಕರೆಯುತ್ತಿದ್ದರು. ಗಂಡ ಬಿಟ್ಟವಳು ಎಂದು ಹಾಲತ್ತಿಯ ಹೆಸರು ಎತ್ತುತ್ತಿರಲಿಲ್ಲ. ಕರೆಯುವವರು ಬಂದಾಗ ಅವಳು ತಾನಾಗಿಯೇ ಹಿತ್ತಲಿಗೆ ಹೋಗಿ ಏನಾದರೂ ತೊಳೆಯುತ್ತ ನಿಲ್ಲುತ್ತಿದ್ದಳು.

ಹೀಗಿರುವಾಗ ಒಂದು ದಿನ ದೇವರ ಕಾರ್ಯಕ್ಕೆ ಒಂದು ಬುಟ್ಟಿ ಗಡ್ಡೆ ಹೆಚ್ಚಬೇಕಾಗಿತ್ತು. ಅವ್ವ, ಪಕ್ಕದ ಮನೆಯ ಗಂಗಮ್ಮ, ಹಾಲತ್ತಿ ಮೂವರೂ ಕೂತರು. ಎಣ್ಣೆ ಸ್ವಲ್ಪವೇ ಇತ್ತು. ಅವರಿಬ್ಬರಿಗೂ ಆಗಲಿ ಎಂದು ಹಾಲತ್ತಿ ಹಚ್ಚಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವನಿಗೆ ಅದು ಶುರುವಾಯಿತು, ಗಂಗಮ್ಮನಿಗೂ ಆಯಿತು. ಇಬ್ಬರೂ ಹುಣಸೆಹಣ್ಣು ಹಿಡಿದು ಬಚ್ಚಲಿಗೆ ಓಡಿದರು. ಹಾಲತ್ತಿ ಮಾತ್ರ ಬುಟ್ಟಿ ಬರಿದಾಗುವ ತನಕ ಹೆಚ್ಚಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಏನೇ ಹಾಲಮ್ಮ, ನಿನಗೇನೂ ಆಗಲಿಲ್ಲೇನೇ?" ಗಂಗಮ್ಮ ಕೇಳಿದಳು.

"ಇಲ್ಲ ಗಂಗಕ್ಕ, ಏನೂ ಇಲ್ಲ."

"ಕೈಯೋ, ಬಾಗಿಲ ಹಲಗೆಯೋ?"

ಅಜ್ಜಿ ನಗಲಿಲ್ಲ. ಮಗಳ ಎರಡೂ ಕೈಗಳನ್ನು ಹಿಡಿದು ತಿರುಗಿಸಿ ನೋಡಿ ಕಣ್ಣಿಗೊತ್ತಿಕೊಂಡಳು.

"ನನ್ನ ಮಗಳ ಕೈಗೆ ತಾಯಿ ಬಂದಾಳೆ. ಒಂದು ಕಿತ್ಕೊಂಡ ದೇವರು ಇನ್ನೊಂದು ಕೊಟ್ಟಾನೆ."

ಈ ಮಾತು ಅಜ್ಜಿಯ ಬಾಯಿಂದ ಹೊರಬಿದ್ದು ಊರು ಸುತ್ತಿತು. ಅಜ್ಜಿಯೇ ನೀರಿಗೆ ಹೋದಲ್ಲಿ, ಸಂತೆಗೆ ಹೋದಲ್ಲಿ ಹೇಳಿಕೊಂಡು ಬಂದಳು. ಮೆಣಸಿನಕಾಯಿ ಕುಟ್ಟುವ ಕಾಲ ಬಂದಾಗ ಹಾಲತ್ತಿ ಒಬ್ಬಳೇ ಎಲ್ಲವನ್ನೂ ಕುಟ್ಟಿದಳು, ಅವ್ವ ಮೊದಲ ಸಲ ಒದ್ದೆ ಬಟ್ಟೆಯಿಲ್ಲದೆ ಮಲಗಿದಳು. ಮಾರನೆಯ ದಿನದಿಂದ ಅವಳು ಹಾಲತ್ತಿಯ ಸಾರಿಗೆ ಉಪ್ಪು ಹಾಕುವುದನ್ನು ಬಿಟ್ಟಳು. ಊರಿನಲ್ಲಿ ಮದುವೆಯೆಂದರೆ ಗಡ್ಡೆ ಹೆಚ್ಚಲು, ಖಾರ ಅರೆಯಲು, ಒಲೆಯಿಂದ ಕೊಪ್ಪರಿಗೆ ಇಳಿಸಲು "ಹಾಲಮ್ಮನ್ನ ಕರೀರಿ" ಎನ್ನುವಂತಾಯಿತು. ಕರೆಯುವವರು ಈಗ ಅವಳ ಮುಂದೆಯೇ ಬಂದು ನಿಂತು ಎಲೆಯಡಿಕೆ ಕೊಟ್ಟು ಹೋಗುತ್ತಿದ್ದರು. ಅವಳು ನಾಲ್ಕು ಮಂದಿಯ ನಡುವೆ ಸೊಂಟಕ್ಕೆ ಸೆರಗು ಬಿಗಿದು ನಿಲ್ಲುವುದನ್ನು, ಜೋರಾಗಿ ನಗುವುದನ್ನು ನಾನು ನೋಡಿದ್ದು ಆಗಲೇ. ಒಂದು ಸಲ ಖಾರದ ಕೈಯಲ್ಲೇ ಕಣ್ಣು ಒರೆಸಿಕೊಂಡು ಕುಣಿದಾಡಿದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

"ತಾಯಿ ಕೈಗಷ್ಟೇ ಬಂದಾಳೆ ಕಣೇ, ಕಣ್ಣಿಗೆ ಇನ್ನೂ ಬಂದಿಲ್ಲ!"

ಅವ್ವ ಒಬ್ಬಳು ಮಾತ್ರ ಹಾಲತ್ತಿಯ ಮುಂಗೈಯನ್ನು ನೋಡುತ್ತಿದ್ದಳು.

"ಹಾಲಮ್ಮ, ಕೈ ಕೆಂಪಗೆ ಬಾತಾವಲ್ಲೇ. ನಮಗೆ ಆಗೋ ಹಂಗೇ ಆಗ್ಯಾವೆ."

"ಉರಿಯಂಗಿಲ್ಲ ಬಿಡು ಅತ್ತಿಗೆ."

ಉರಿಯದಿದ್ದ ಮೇಲೆ ಕೆಂಪಗಾದರೇನು ಎಂದು ಅವ್ವನೂ ಬಿಟ್ಟಳು, ಎಲ್ಲರೂ ಬಿಟ್ಟರು. ಚರ್ಮ ತನ್ನ ಪಾಡಿಗೆ ತಾನು ಸುಡುತ್ತಲೇ ಇತ್ತು, ಅದರ ಸುದ್ದಿ ಅವಳಿಗೆ ತಲುಪುತ್ತಿರಲಿಲ್ಲ. ಇವತ್ತು ಇದನ್ನು ಬರೆಯುವಷ್ಟು ಸಲೀಸಾಗಿ ಅವತ್ತು ಯಾರಿಗೂ ಹೊಳೆಯಲಿಲ್ಲ.

ನಾನು ಮಲಗುತ್ತಿದ್ದುದು ಹಾಲತ್ತಿಯ ಮಗ್ಗುಲಲ್ಲಿ, ಒಂದೇ ಕಂಬಳಿಯೊಳಗೆ. ಅಡಿಗೆಮನೆಯಲ್ಲಿ ನಾನು ಅವಳ ಬಾಲ. ತನ್ನ ಕೈಗೆ ಎಣ್ಣೆ ಹಚ್ಚಿಕೊಳ್ಳದವಳು ನನ್ನ ಕೈಗೆ ಮಾತ್ರ ಬೆರಳ ಸಂದಿ ಬಿಡದೆ ಹಚ್ಚುತ್ತಿದ್ದಳು. ಬರೀ ಹಸಿಮೆಣಸಿನಕಾಯಿ ಮುರಿಯುವುದಿದ್ದರೂ ಸರಿ. ಉಗುರಿನ ಬುಡಕ್ಕೆ ಹಚ್ಚು, ಖಾರ ಕೂರುವುದು ಅಲ್ಲೇ ಎಂದು ತೋರಿಸಿಕೊಟ್ಟದ್ದು ಅವಳು. ಮೊಸರಿನ ಕೆನೆ ಎಣ್ಣೆಗಿಂತ ಬೇಗ ಉರಿ ತೆಗೆಯುತ್ತದೆ ಎಂದು, ಅವ್ವ ನೋಡದಾಗ ಗಡಿಗೆಯಿಂದ ಒಂದು ಬೆರಳು ಕೆನೆ ತೆಗೆದು ಹಚ್ಚುತ್ತಿದ್ದಳು. ನನಗೂ ನಿನ್ನಂಥ ಕೈ ಬರಲಿ ಅತ್ತಿ ಎಂದು ನಾನು ಕೇಳಿದಾಗಲೆಲ್ಲ "ಹಂಗನ್ನಬ್ಯಾಡ" ಎನ್ನುವಳು. ಆಗ ಅವಳ ದನಿ ಬದಲಾಗುತ್ತಿತ್ತು. ಏಕೆಂದು ಗೊತ್ತಾದದ್ದು ಒಂದು ಸಂಜೆ.

ಅವಳು ರೊಟ್ಟಿ ಸುಡುತ್ತಿದ್ದಳು. ಅವ್ವ ಕುರಿಮರಿಗೆ ಹಾಲು ಕುಡಿಸಲು ದೊಡ್ಡಿಗೆ ಹೋಗಿದ್ದಳು. ನಾನು ಒಲೆಯ ಎದುರು ಕುಳಿತು ಹಾಲತ್ತಿ ಹೇಳುತ್ತಿದ್ದ ಕತೆಗೆ ಹೂಂಗುಟ್ಟುತ್ತಿದ್ದೆ. ಕೂದಲು ಸುಟ್ಟಂಥ ವಾಸನೆ ಬಂತು. ನೋಡಿದರೆ ಅವಳ ಎಡಗೈಯ ಕಿರುಬೆರಳು ಕಾದ ಹಂಚಿನ ಅಂಚಿಗೆ ಒರಗಿದೆ. ಅವಳು ಕತೆ ಹೇಳುತ್ತಲೇ ಇದ್ದಾಳೆ.

"ಅತ್ತಿ, ಬೆರಳು!"

ಅವಳು ಕೈ ಎಳೆದುಕೊಂಡದ್ದು ನನ್ನ ಕೂಗಿಗೆ, ಬಿಸಿಗಲ್ಲ. ಬೆರಳನ್ನು ದೀಪದ ಹತ್ತಿರ ಹಿಡಿದು ನೋಡಿದಳು. ಚರ್ಮ ಬೆಳ್ಳಗೆ ಎದ್ದಿತ್ತು. ಅವಳ ಮುಖದಲ್ಲಿ ನೋವಿರಲಿಲ್ಲ, ಹೆದರಿಕೆ ಇತ್ತು. ಬಹಳ ದಿನದಿಂದ ಬರುತ್ತಾರೆಂದು ಕಾದ ಯಾರೋ ಬಾಗಿಲು ಬಡಿದರೆ ಆಗುವಂಥ ಹೆದರಿಕೆ. ರೊಟ್ಟಿಯ ಹಿಟ್ಟನ್ನು ಅದರ ಮೇಲೆ ಒತ್ತಿ, ಹರಿದ ಬಟ್ಟೆ ಸುತ್ತಿದಳು.

"ಯಾರಿಗೂ ಹೇಳಬ್ಯಾಡ ಸಾವಿ. ನಿಮ್ಮವ್ವನಿಗಂತೂ ಬ್ಯಾಡ."

"ಯಾಕತ್ತಿ?"

"ಕೈ ಕೆಟ್ಟೈತೆ ಅಂದ್ರೆ ಈ ಮನ್ಯಾಗೆ ನನಗೆ ಏನು ಕೆಲಸ ಉಳೀತದೆ, ಹೇಳು?"

ನಾನು ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಒಂಬತ್ತು ವರ್ಷದ ಹುಡುಗಿಗೆ ದೊಡ್ಡವರ ಗುಟ್ಟು ಸಿಕ್ಕಿತೆಂಬ ಜಂಬವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಆ ವರ್ಷವೇ ನಮ್ಮ ಶಾಲೆಗೆ ಒಬ್ಬ ನರ್ಸಮ್ಮ ಬಂದು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಮೈಮೇಲೆ ಬಣ್ಣ ಮಾಸಿದ ಮಚ್ಚೆ ಇದೆಯೇ ನೋಡಿದರು. ಕಣ್ಣು ಮುಚ್ಚಿಸಿ, ಪುಕ್ಕದಿಂದ ಅಲ್ಲಲ್ಲಿ ಮುಟ್ಟಿ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಲು ಹೇಳಿದರು. ನಮಗೆ ಕಚಗುಳಿ, ನಗು. ಮನೆಗೆ ಬಂದವಳೇ ಹಿತ್ತಲಲ್ಲಿ ಬಿದ್ದಿದ್ದ ಒಂದು ಕೋಳಿಪುಕ್ಕ ಹಿಡಿದು ಹಾಲತ್ತಿಯ ಮುಂದೆ ಕುಳಿತೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

"ಕಣ್ಣು ಮುಚ್ಚತ್ತಿ. ಎಲ್ಲಿ ಮುಟ್ಟಿದೆ, ಹೇಳು."

ಮೊದಲು ಕೆನ್ನೆಗೆ ಮುಟ್ಟಿಸಿದೆ, ತೋರಿಸಿದಳು. ಕುತ್ತಿಗೆಗೆ ಮುಟ್ಟಿಸಿದೆ, ಅದನ್ನೂ ತೋರಿಸಿದಳು. ಆಮೇಲೆ ಎಡಗೈಯ ಮೇಲೆ ಪುಕ್ಕ ಆಡಿಸಿದೆ. ಅವಳು ಸುಮ್ಮನೆ ಮುಂದಿನದಕ್ಕೆ ಕಾಯುತ್ತಿದ್ದಳು. ಮುಂಗೈ ಮೇಲೆ ಆಡಿಸಿದೆ, ಬೆರಳ ತುದಿಗೆ ಒತ್ತಿದೆ. ಏನೂ ಇಲ್ಲ. ನಾನು ಸದ್ದಿಲ್ಲದೆ ಕೂತದ್ದು ಅವಳಿಗೆ ಗೊತ್ತಾಗಿರಬೇಕು. ನಾನು ಪುಕ್ಕವನ್ನು ಹಿಂದಕ್ಕೆ ತೆಗೆದು ಕೂತಿದ್ದಾಗ, ಕಣ್ಣು ಮುಚ್ಚಿಕೊಂಡೇ, ನಗುತ್ತ, ಅಂಗೈ ನಡುವೆ ಬೆರಳಿಟ್ಟಳು.

"ಇಲ್ಲಿ. ಹೌದಲ್ಲೇನೇ?"

"ಹೌದತ್ತಿ," ಎಂದೆ.

ಈ ಸುಳ್ಳನ್ನು ಯಾರೂ ಹೇಳಿಕೊಡಲಿಲ್ಲ. ನರ್ಸಮ್ಮ ಇನ್ನೂ ಎರಡು ದಿನ ಊರಿನಲ್ಲಿ ಮನೆಮನೆ ತಿರುಗಿದರು. ನಮ್ಮ ಬಾಗಿಲಿಗೆ ಬಂದಾಗ ಹಾಲತ್ತಿ ಹೊಲಕ್ಕೆ ಹೋಗಿದ್ದಾಳೆ ಎಂದು ಅಜ್ಜಿ ಹೇಳಿದಳು. ಅವಳು ಕುರಿದೊಡ್ಡಿಯಲ್ಲಿ ಇದ್ದಳು, ನನಗೆ ಗೊತ್ತಿತ್ತು. ಅವಳ ಸೀರೆಯ ತುದಿ ಬೇಲಿಯ ಸಂದಿಯಲ್ಲಿ ಕಾಣುತ್ತಿತ್ತು. ನಾನು ನರ್ಸಮ್ಮನ ಚೀಲ ನೋಡುತ್ತ ನಿಂತೆ. ಅವರು ನನ್ನ ತಲೆ ಸವರಿ ಮುಂದಿನ ಮನೆಗೆ ಹೋದರು.

ಹೀಗೆ ಒಂದು ವರ್ಷ ಕಳೆಯಿತು. ಎಡಗೈಯ ಕಿರುಬೆರಳು, ಪಕ್ಕದ ಬೆರಳು ನಿಧಾನವಾಗಿ ಒಳಮುಖವಾಗಿ ಬಾಗತೊಡಗಿದವು. ಒನಕೆ ಹಿಡಿದು ಹಿಡಿದು ಹೀಗಾಗಿವೆ ಎಂದಳು. ಎಲ್ಲರೂ ಒಪ್ಪಿದರು. ಕಡೆಗೆ ಗಂಗಮ್ಮನ ಮಗಳ ಮದುವೆಯಲ್ಲಿ, ಅನ್ನದ ಕೊಪ್ಪರಿಗೆಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಹಿಡಿದು ಇಳಿಸಿದಳು. ಕೆಳಗಿಟ್ಟು ಕೈ ತೆಗೆದಾಗ ಅಂಗೈಯ ಚರ್ಮ ಕೊಪ್ಪರಿಗೆಯ ಹಿಡಿಬಳೆಗೆ ಅಂಟಿಕೊಂಡು ಕಿತ್ತು ಬಂತು. ಸುತ್ತ ನಿಂತ ಹೆಂಗಸರು ಚೀರಿದರು. ಅವಳು ಮಾತ್ರ "ಏನಾತು, ಏನಾತು?" ಎಂದು ಎಲ್ಲರ ಮುಖ ನೋಡುತ್ತಿದ್ದಳು. ತನ್ನ ಕೈಯನ್ನು ಅವಳು ನೋಡಿಕೊಂಡದ್ದು ಎಲ್ಲರಿಗಿಂತ ಕಡೆಗೆ. ಆ ಹೊತ್ತಿನಲ್ಲಿ ತಾಯಿ ಬಂದಾಳೆ ಎಂದು ಯಾರೂ ಅನ್ನಲಿಲ್ಲ. ಒಬ್ಬ ಮುದುಕಿ ತನ್ನ ಮೊಮ್ಮಗುವನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟೇ ಸಾಕಾಯಿತು.

ಮಾರನೆಯ ದಿನ ಅಪ್ಪ ಅವಳನ್ನು ಶಿಕಾರಿಪುರದ ಆಸ್ಪತ್ರೆಗೆ ಕರೆದುಕೊಂಡು ಹೋದ, ನಾನೂ ಹಟಮಾಡಿ ಹೋದೆ. ಡಾಕ್ಟರು ವಯಸ್ಸಾದವರು. ಕೈಯನ್ನು ತಮ್ಮ ಬರಿಗೈಯಲ್ಲೇ ಹಿಡಿದು ಮೊಣಕೈಯ ನರ ಒತ್ತಿ ನೋಡಿದರು. ಕುಷ್ಠ ಎಂದರು. ಸಣ್ಣ ದನಿಯಲ್ಲೇ ಹೇಳಿದರು, ಆದರೂ ಅಪ್ಪ ಗೋಡೆ ಹಿಡಿದುಕೊಂಡ.

"ಹೆದರಬೇಡ್ರಿ. ಮಾತ್ರೆ ಶುರು ಮಾಡಿದ ಮೇಲೆ ಯಾರಿಗೂ ಹರಡೋದಿಲ್ಲ. ಒಟ್ಟಿಗೆ ಉಣ್ಣಬಹುದು, ಅಡಿಗೆ ಮಾಡಬಹುದು, ಮಕ್ಕಳನ್ನ ಎತ್ತಬಹುದು. ಆದರೆ ಈ ಬೆರಳು ಇನ್ನು ನೆಟ್ಟಗಾಗೋದಿಲ್ಲ. ಒಂದು ವರ್ಷ ಮೊದಲು ಬಂದಿದ್ದರೆ ಉಳೀತಿತ್ತು."

ಆ ಒಂದು ವರ್ಷ ಯಾರ ಬಳಿ ಇತ್ತೆಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಹಾಲತ್ತಿ ನನ್ನ ಕಡೆ ನೋಡಲಿಲ್ಲ. ಡಾಕ್ಟರು ಕೈಯ ಆರೈಕೆ ಹೇಳಿಕೊಟ್ಟರು. ದಿನಾ ನೀರಿನಲ್ಲಿ ನೆನೆಸಿ, ಒರಟಾದ ಚರ್ಮ ಉಜ್ಜಿ, ಎಣ್ಣೆ ಹಚ್ಚಬೇಕು. ಗಾಯವಾಗಿದೆಯೇ ಎಂದು ಕಣ್ಣಿನಿಂದ ಹುಡುಕಬೇಕು, ನೋವು ಹೇಳುವುದಿಲ್ಲವಲ್ಲ. ಬಿಸಿಯದನ್ನು ದಪ್ಪ ಬಟ್ಟೆಯಿಲ್ಲದೆ ಮುಟ್ಟಕೂಡದು. ಖಾರ, ಗಡ್ಡೆಗಳ ಹತ್ತಿರ ಹೋಗಲೇಕೂಡದು.

ಡಾಕ್ಟರ ಮಾತು ಶಿಕಾರಿಪುರದಲ್ಲೇ ಉಳಿಯಿತು. ಊರಿಗೆ ಬಂದದ್ದು ದೊಡ್ಡರೋಗ ಎಂಬ ಹೆಸರೊಂದೇ. ನಮ್ಮ ಮನೆಯ ಮಜ್ಜಿಗೆಗೆ ಬರುತ್ತಿದ್ದವರು ನಿಂತರು. ಹೋದ ವರ್ಷ ಹಾಲತ್ತಿ ಕುಟ್ಟಿಕೊಟ್ಟಿದ್ದ ಖಾರದಪುಡಿಯನ್ನು ಗಂಗಮ್ಮ ತಿಪ್ಪೆಗೆ ಸುರಿದದ್ದನ್ನು ನಾನೇ ನೋಡಿದೆ. ನಾವು ಅಂದುಕೊಂಡದ್ದು ಅವ್ವ ರಂಪ ಮಾಡುತ್ತಾಳೆ ಎಂದು. ಅವ್ವ ಮಾಡಲಿಲ್ಲ. ಮಾಡಿದವಳು ಅಜ್ಜಿ. ಮಗಳ ತಟ್ಟೆ, ಲೋಟ, ಹಿತ್ತಾಳೆ ತಂಬಿಗೆಯನ್ನು ಬೇರೆ ತೆಗೆದು ನಡುಮನೆಯ ಮೂಲೆಯಲ್ಲಿಟ್ಟಳು. ಅಡಿಗೆಮನೆಗೆ ಬರಬೇಡ ಎಂದಳು. ಅಪ್ಪ ಡಾಕ್ಟರ ಮಾತನ್ನು ಮೂರು ಮೂರು ಸಲ ಹೇಳಿ ನೋಡಿದ.

"ಡಾಕ್ಟರು ಹೇಳಲಿ ಬಿಡಪ್ಪ. ತಾಯಿ ಬಂದಾಳೆ ಅಂತ ಬಾಯಿ ತುಂಬ ಊರಿಗೆಲ್ಲ ಹೇಳಿಕೊಂಡು ಬಂದಾಕಿ ನಾನು. ಇವತ್ತು ಅವರೆಲ್ಲ ನನ್ನ ಬಾಯಿ ನೋಡ್ತಾರೆ."

ಅಜ್ಜಿಗೆ ಮಗಳ ಮೇಲೆ ಸಿಟ್ಟಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅವಳ ಬಾಗಿದ ಬೆರಳನ್ನು ಕಂಡಾಗಲೆಲ್ಲ ತಾನಾಡಿದ ಮಾತು ಕಾಣುತ್ತಿತ್ತು. ಆದರೆ ಹಾಲತ್ತಿಗೆ ಅದರಿಂದ ಏನು ವ್ಯತ್ಯಾಸ? ಅವಳು ಕುರಿದೊಡ್ಡಿಯ ಕಟ್ಟೆಯ ಮೇಲೆ ಕೂತು ಉಣ್ಣೆ ಬಿಡಿಸುವವಳಾದಳು. ಅಡಿಗೆಮನೆಯಿಂದ ಒಗ್ಗರಣೆಯ ವಾಸನೆ ಬಂದರೆ ಅಲ್ಲಿಂದಲೇ "ಸಾಸಿವೆ ಹೊತ್ತಿತು ನೋಡ್ರಿ" ಎನ್ನುವಳು. ನಾನು ಶಾಲೆಯಿಂದ ಬಂದ ಮೇಲೆ ಅವಳ ಕೈ ನೆನೆಸುವುದು, ಒರೆಸುವುದು, ಗಾಯ ಹುಡುಕುವುದು ನನ್ನ ಕೆಲಸವಾಯಿತು. ಒಂದು ಮುಳ್ಳು ಚುಚ್ಚಿದ್ದರೂ ನಾನೇ ಕಂಡುಹಿಡಿಯಬೇಕು. ಚಹಾ ಕೊಟ್ಟರೆ ಲೋಟ ಹಿಡಿಯುವ ಮೊದಲು "ಬಿಸಿ ಐತೇನೇ?" ಎಂದು ನನ್ನನ್ನು ಕೇಳುವಳು. ನಾನು ಮುಟ್ಟಿ ನೋಡಿ ಹೇಳಿದ ಮೇಲೆ ಹಿಡಿಯುವಳು. ಅವ್ವ ಮಾತ್ರ ಯಾರೂ ನೋಡದ ಹೊತ್ತಿನಲ್ಲಿ ಒಂದು ಕೆಲಸ ಮಾಡುತ್ತಿದ್ದಳು. ಹಾಲತ್ತಿ ತಟ್ಟೆಯಲ್ಲಿ ಬಿಟ್ಟ ರೊಟ್ಟಿಯ ತುಂಡನ್ನು ಕೋಳಿಗೆ ಹಾಕದೆ ತಾನು ತಿಂದುಬಿಡುವಳು.  

ಮಾತ್ರೆ ಎರಡು ವರ್ಷ ನಡೆಯಿತು. ಕಡೆಯ ಸಲ ಶಿಕಾರಿಪುರಕ್ಕೆ ಹೋದದ್ದು ನಾವಿಬ್ಬರೇ. ಡಾಕ್ಟರು ಚೀಟಿಯ ಮೇಲೆ ಗೆರೆ ಎಳೆದು, ಇನ್ನು ಮಾತ್ರೆ ಬೇಡ, ರೋಗ ಹೋಯಿತು ಎಂದರು. ಹಾಲತ್ತಿ ಅವರ ಕಾಲಿಗೆ ಬಿದ್ದಳು. ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು, ಮಡಿಲಲ್ಲಿ ಕೈ, ಸೆರಗು ಮುಚ್ಚಿಕೊಂಡಿತ್ತು. ನನಗೆ ತಡೆಯಲಾಗಲಿಲ್ಲ.

"ಹಂಚಿನ ಮೇಲೆ ಬೆರಳು ಸುಟ್ಟ ದಿನವೇ ನಾನು ಅವ್ವನಿಗೆ ಹೇಳಬೇಕಿತ್ತು ಅತ್ತಿ."

"ಹೇಳಿದ್ರೆ?"

"ನಿನ್ನ ಬೆರಳು ನೆಟ್ಟಗಿರ್ತಿದ್ವು."

ಅವಳು ಕಿಟಕಿಯ ಆಚೆ ನೋಡಿದಳು. ಒಂದು ಊರು ಹೋಯಿತು, ಇನ್ನೊಂದು ಊರಿನಲ್ಲಿ ಯಾರೋ ಕೋಳಿಬುಟ್ಟಿ ಹಿಡಿದು ಹತ್ತಿದರು.

"ಬೆರಳು ನೆಟ್ಟಗಿರ್ತಿದ್ವು, ಖರೆ. ಆದ್ರೆ ಸಾವಿ, ಆ ಒಂದು ವರ್ಷದಾಗೆ ನನ್ನನ್ನ ಹನ್ನೊಂದು ಮದುವೆಗೆ ಕರೆದ್ರು. ಗಂಡ ಬಿಟ್ಟಾಕೀನ್ನ ಯಾರು ಹಂಗೆ ಕರೀತಾರೆ?" ಎಂದಳು. ಸೆರಗನ್ನು ಕೈಯ ಮೇಲೆ ಎಳೆದುಕೊಂಡು ಹೇಳಿದಳು, "ತಪ್ಪು ನಿಂದಲ್ಲ. ನೀನು ಕೂಸು. ಹೇಳಬ್ಯಾಡ ಅಂದಾಕಿ ನಾನು. ನಂಗೂ ಗೊತ್ತಿತ್ತು, ಏನೋ ಆಗೈತೆ ಅಂತ."

ನನ್ನನ್ನು ಸಮಾಧಾನ ಮಾಡಲು ಹೇಳಿದಳೋ, ನಿಜವಾಗಿಯೂ ಹಾಗೇ ಅನ್ನಿಸಿತ್ತೋ. ಎರಡು ಬೆರಳು ಕೊಟ್ಟು ಹನ್ನೊಂದು ಮದುವೆ ಪಡೆದದ್ದು ಲಾಭವೆಂದು ಒಬ್ಬ ಹೆಂಗಸಿಗೆ ಅನ್ನಿಸುವ ಹಾಗೆ ನಾವು ಅವಳನ್ನು ಇಟ್ಟುಕೊಂಡಿದ್ದೆವಲ್ಲ! ಆ ಮಾತು ನನಗೆ ಅವತ್ತೂ ಸಮಾಧಾನ ಕೊಡಲಿಲ್ಲ, ಇವತ್ತೂ ಕೊಟ್ಟಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವ ಅಕ್ಕಿಹಿಟ್ಟು ಕಲಸಿ ಹಲಗೆಯ ಮುಂದೆ ಮುದ್ದೆ ಕಟ್ಟಿಟ್ಟು, ತಾನು ಅತ್ತ ಸರಿದು ಕೂತಿದ್ದಳು. ಹಾಲತ್ತಿ ಎಂದಿನಂತೆ ದೊಡ್ಡಿಯ ಕಡೆ ತಿರುಗುತ್ತಿದ್ದಳು.

"ಹಾಲಮ್ಮ, ಬಾ ಒಳಗೆ. ನಂಗೆ ಸೊಂಟ ನೋಯ್ತದೆ. ರೊಟ್ಟಿ ನೀನೇ ಬಡಿ."

ಹಾಲತ್ತಿ ಹೊಸ್ತಿಲ ಆಚೆಯೇ ನಿಂತು ಅಜ್ಜಿಯ ಕಡೆ ನೋಡಿದಳು.

"ಅವ್ವ ಉಣ್ತಾಳೇನು ಅತ್ತಿಗೆ?"

"ಉಣ್ಣೋರು ಉಣ್ತಾರೆ. ಅದನ್ನ ಕಟ್ಟಿಕೊಂಡು ನೀನು ಹೊರಗೇ ನಿಲ್ತೀಯೇನು? ಹಿಟ್ಟು ಆರ್ತೈತೆ, ಬಾ."

ಅಜ್ಜಿ ನಡುಮನೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಹಾಲತ್ತಿ ಒಳಗೆ ಬಂದು ಹಲಗೆಯ ಮುಂದೆ ಕುಳಿತಳು. ಬಾಗಿದ ಬೆರಳುಗಳಲ್ಲಿ ತಟ್ಟಲು ಬರಲಿಲ್ಲ. ಅಂಗೈಯ ಬುಡದಿಂದ ಒತ್ತಿ ಒತ್ತಿ ಹರಡಿದಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು. ಮೊದಲನೆಯದು ಹಂಚಿಗೆ ಹಾಕುವಾಗಲೇ ಮುರಿಯಿತು. ಅವ್ವ "ಇರಲಿ, ಇನ್ನೊಂದು ಮಾಡು" ಎಂದಳೇ ಹೊರತು ಕೈ ಹಾಕಲಿಲ್ಲ. ಹಂಚಿನ ಹತ್ತಿರ ನಾನು ಕೂತೆ. ತಿರುವುವುದು, ತೆಗೆಯುವುದು ನನ್ನದು. ಐದಾರು ಆಗುವಷ್ಟರಲ್ಲಿ ರೊಟ್ಟಿ ಒಂದು ಆಕಾರಕ್ಕೆ ಬಂತು, ಹಾಲತ್ತಿಯ ಹಣೆಯ ಮೇಲೆ ಬೆವರು ಬಂತು.

ಊಟಕ್ಕೆ ಅಕ್ಕಿರೊಟ್ಟಿ, ಹೀರೆಕಾಯಿ ಪಲ್ಯ, ಮಜ್ಜಿಗೆ. ಅಪ್ಪ ನಾಲ್ಕು ತಿಂದ. ಅವ್ವ ಎರಡು, ನಾನು ಎರಡು. ಅಜ್ಜಿಯ ಮುಂದೆ ತಟ್ಟೆ ಇಟ್ಟಾಗ "ನಂಗೆ ಹಸಿವಿಲ್ಲ" ಎಂದು ಎರಡು ಗುಟುಕು ಮಜ್ಜಿಗೆ ಕುಡಿದು, ಗೋಡೆಯ ಕಡೆ ಮುಖ ಮಾಡಿ ಕಂಬಳಿ ಎಳೆದುಕೊಂಡಳು. ಹಾಲತ್ತಿ ಎಲ್ಲರದೂ ಆದ ಮೇಲೆ ಒಂದೂವರೆ ತಿಂದಳು. ಅಜ್ಜಿಯ ಪಾಲಿನ ಎರಡು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ಬೆಳಗಾಗುವ ತನಕ ಮೆತ್ತಗಿರಲಿ ಎಂದು ಮೇಲೊಂದು ತಟ್ಟೆ ಮುಚ್ಚಿದಳು. ಅವತ್ತು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗಿದವಳು ಅಜ್ಜಿ.